ಹಿಂದಿನ ಎಣ್ಣೆ

ಒಬ್ಬರನ್ನು ಕಂಡರೆ ಒಬ್ಬರಿಗಾಗದವರನ್ನು ಜನ ಎಣ್ಣೆ-ಸೀಗೆಕಾಯಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಸೀಗೆಕಾಯಿ ಇರಲಿಲ್ಲ, ಎರಡೂ ಎಣ್ಣೆಯೇ. ಒಂದು ನೆಲದಡಿಯಿಂದ ತೆಗೆದು ಸೋಸಿದ ಎಣ್ಣೆ, ಕಪ್ಪು ಡಬ್ಬಿಯದು, ಅದು ನಮ್ಮಪ್ಪನದು. ಇನ್ನೊಂದು ಕಾರ್ಖಾನೆಯಲ್ಲಿ ಕೂಡಿಸಿ ಮಾಡಿದ ಸಿಂಥೆಟಿಕ್, ನೀಲಿ ಡಬ್ಬಿಯದು. ಅದು ನನ್ನ ಸೋದರಮಾವನದು. ಆ ಮನೆಯಲ್ಲಿ ದಿನಾ ಎಣ್ಣೆ ವಿಷಯಕ್ಕೇ ಜಗಳವಂತೆ ಎಂದು ಅಕ್ಕಪಕ್ಕದವರು ಮಾತಾಡಿಕೊಂಡು, ಗಂಡಸರಿಬ್ಬರೂ ಕುಡುಕರಿರಬೇಕು ಎಂದು ಅಮ್ಮನ ಮೇಲೆ ಮರುಕಪಡುತ್ತಿದ್ದರು. ಕುಡುಕರಾಗಿದ್ದರೆ ಎಷ್ಟೋ ವಾಸಿ ಇತ್ತು. ಕುಡಿದವರಿಗೆ ಬೆಳಗಾದರೆ ಇಳಿಯುತ್ತದೆ.

ನಮ್ಮ ಶೆಡ್ಡು ಮನೆಗೆ ಅಂಟಿಕೊಂಡೇ ಇದೆ. ಕಬ್ಬಿಣದ ಷಟರ್ ಎತ್ತಿದರೆ ಎದುರಿಗೆ, ಕೆಳಗಿಳಿದು ಕೆಲಸ ಮಾಡುವ ಗುಂಡಿ. ಎಡಗೋಡೆಗೆ ಅಪ್ಪನ ಲೇತು, ಬಲಗೋಡೆಗೆ ಮಾವನ ಮೇಜು. ಮೇಜಿನ ಮೇಲೆ ಒಂದು ಕಣ ಧೂಳಿಲ್ಲ. ಲೇತಿನ ಸುತ್ತ ಬಿದ್ದ ಲೋಹದ ಸಿಪ್ಪೆ ಗುಡಿಸಿದವರಿಲ್ಲ. ಮಾಮೂಲಿ ಗಾಡಿಗಳು ನಮ್ಮಲ್ಲಿಗೆ ಬರುವುದಿಲ್ಲ. ರೇಸ್ ಓಡಿಸುವವರ ಗಾಡಿ ಬರುತ್ತದೆ, ಓಡಿಸುತ್ತೇವೆ ಎಂದು ಹೇಳಿಕೊಂಡು ತಿರುಗುವವರದೂ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಕೆಲಸದಲ್ಲಿ ಮಾವನನ್ನು ಮೀರಿಸಿದವರಿಲ್ಲ. ಇಬ್ಬರದೂ ಕೈ ಚೆನ್ನ, ಬಾಯಿ ಕೊಳಕು.

ಜಗಳ ಶುರುವಾದದ್ದು ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ. ಗಿರಾಕಿಯೊಬ್ಬನ ಹಳೆಯ ಗಾಡಿಗೆ ಮಾವ ಅಪ್ಪನನ್ನು ಕೇಳದೆ ಸಿಂಥೆಟಿಕ್ ಹಾಕಿದ. ಆ ಗಾಡಿಯ ರಬ್ಬರ್ ಸೀಲುಗಳು ಒಣಗಿಹೋಗಿದ್ದವು. ಗಟ್ಟಿಯಾಗಿ ಮೆತ್ತಿಕೊಂಡಿದ್ದ ಕೊಳೆಯೇ ಎಣ್ಣೆ ಸೋರದ ಹಾಗೆ ತಡೆದಿಟ್ಟಿತ್ತು. ಹೊಸ ಎಣ್ಣೆ ಆ ಕೊಳೆಯನ್ನು ತೊಳೆದುಹಾಕಿತು. ಗಿರಾಕಿಯ ಮನೆಯ ಅಂಗಳವೆಲ್ಲ ಎಣ್ಣೆಯಾಯಿತು. ಅಪ್ಪ ಗಿರಾಕಿಯ ಎದುರಿಗೇ ಮಾವನಿಗೆ, ನೀನು ಎಣ್ಣೆ ಮಾರೋಕೆ ಲಾಯಕ್ಕು, ಗಾಡಿ ಮುಟ್ಟೋಕಲ್ಲ ಅಂದ. ಮಾವ ಸ್ಪ್ಯಾನರ್ ಕೆಳಗಿಟ್ಟು, ಸೀಲು ಬದಲಾಯಿಸದೆ ಕೊಳೆಯ ಮೇಲೆ ಗಾಡಿ ಓಡಿಸಿದವರು ನೀವು, ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತಿರಿ ಅಂದ. ಅವರಿಬ್ಬರು ನೇರವಾಗಿ ಆಡಿದ ಮಾತು ಅದೇ ಕೊನೆ.

ಮಾವ ಹಾಸಿಗೆ ಸುತ್ತಿಕೊಂಡು ಶೆಡ್ಡಿನ ಮೇಲಿನ ಕೋಣೆಗೆ ಹೋದ. ಬಿಟ್ಟು ಹೋಗಲು ಅವನಿಗೂ ಮನಸ್ಸಿಲ್ಲ, ಹೋಗು ಅನ್ನಲು ಅಪ್ಪನಿಗೂ ಧೈರ್ಯವಿಲ್ಲ; ಒಬ್ಬನಿಲ್ಲದೆ ಇನ್ನೊಬ್ಬನಿಗೆ ಅರ್ಧ ಗಾಡಿಯಷ್ಟೇ ಗೊತ್ತು. ಹಾಗಾಗಿ ನಡುವೆ ನನ್ನನ್ನು ನಿಲ್ಲಿಸಿಕೊಂಡರು. ನಿನ್ನ ಮಾವನಿಗೆ ಹೇಳು, ನಿಮ್ಮಪ್ಪನಿಗೆ ಹೇಳು. ಇಬ್ಬರೂ ಒಂದೇ ಗಾಡಿಯ ಆಚೆ ಈಚೆ ನಿಂತಿದ್ದರೂ, ಆಡಿದ್ದು ಕಿವಿಗೆ ಬಿದ್ದಿದ್ದರೂ, ನಾನು ಬಾಯಿಬಿಟ್ಟು ಮತ್ತೆ ಹೇಳುವವರೆಗೆ ಅದು ಕೇಳಿಸಿದ ಲೆಕ್ಕವಲ್ಲ. ಒಂದು ಅಕ್ಷರ ಆಚೀಚೆಯಾದರೆ ಇಬ್ಬರೂ ನನ್ನ ಮೇಲೇ ಹಾರಿಬೀಳುತ್ತಿದ್ದರು. ಗಿರಾಕಿಗಳು ನನಗೆ ‘ಟಪಾಲು’ ಎಂದು ಹೆಸರಿಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ. ನಮ್ಮಲ್ಲಿ ಜಗಳ ಗಂಡನಿಗೂ ಹೆಂಡತಿಯ ತಮ್ಮನಿಗೂ. ಬಡವಾದದ್ದು ಮಾತ್ರ ಅದೇ ಕೂಸು. ಅಮ್ಮ ಇಬ್ಬರಿಗೂ ತಟ್ಟೆ ಹಾಕಿಕೊಟ್ಟು, ನಿಮ್ಮ ಮೂತಿಗಿಷ್ಟು ಎಂದು ಒಳಗೆ ಹೋಗುತ್ತಿದ್ದಳು.

ನಾನು ಓಡಿಸುವ ಕಾರನ್ನು ಅವರಿಬ್ಬರೇ ಕಟ್ಟಿದ್ದು. ಮಾತಿಲ್ಲದೆ ಕಾರು ಕಟ್ಟುವುದು ಹೇಗೆ ಎಂದು ಕೇಳಬೇಡಿ. ಆಸ್ತಿ ಪಾಲಾದ ಹಾಗೆ ಅದನ್ನೂ ಪಾಲು ಮಾಡಿಕೊಂಡಿದ್ದರು. ಮುಂದಿನ ಎಂಜಿನ್, ಗೇರ್‌ಬಾಕ್ಸ್ ಅಪ್ಪನವು. ಹಿಂದಿನ ಡಿಫರೆನ್ಷಿಯಲ್ ಮಾವನದು. ನಡುವೆ ಹಾದುಹೋಗುವ ಉದ್ದನೆಯ ಶಾಫ್ಟು ಗಡಿ. ಅದಕ್ಕೆ ಗ್ರೀಸು ತುಂಬುವ ಕೆಲಸ ನನ್ನದು, ಗಡಿ ಕಾಯಲು ಯಾರಾದರೂ ಬೇಕಲ್ಲ. ಅಪ್ಪ ಗೇರ್‌ಬಾಕ್ಸಿಗೆ ತನ್ನ ಕಪ್ಪು ಡಬ್ಬಿಯ ಎಣ್ಣೆ ಹಾಕುತ್ತಿದ್ದ, ಮಾವ ಹಿಂದಕ್ಕೆ ತನ್ನ ನೀಲಿ ಡಬ್ಬಿಯದು.

ತಮಾಷೆ ಏನೆಂದರೆ ಇಬ್ಬರೂ ಹೇಳುತ್ತಿದ್ದದ್ದು ಸರಿಯೇ. ತಿರುವುಗಳಲ್ಲಿ ಡಿಫರೆನ್ಷಿಯಲ್ ಕೈ ಸುಡುವ ಹಾಗೆ ಕಾಯುತ್ತದೆ; ಅಲ್ಲಿ ಅಪ್ಪನ ಎಣ್ಣೆ ಹಾಕಿದರೆ ನೀರಾಗಿಬಿಡುತ್ತದೆ, ಮಾವನದು ಜಗ್ಗುವುದಿಲ್ಲ. ಅದೇ ನೀಲಿ ಡಬ್ಬಿಯದನ್ನು ಗೇರ್‌ಬಾಕ್ಸಿಗೆ ಹಾಕಿದರೆ ಮುಗಿಯಿತು. ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ರಿಂಗುಗಳಿವೆ. ಗೇರ್ ಬದಲಾಯಿಸುವಾಗ ಆ ರಿಂಗು ಒಂದು ಚಕ್ರವನ್ನು ಗಪ್ಪನೆ ಹಿಡಿದು, ಇನ್ನೊಂದರ ವೇಗಕ್ಕೆ ತಂದು ನಿಲ್ಲಿಸಬೇಕು, ಆಮೇಲೆ ಹಲ್ಲಿಗೆ ಹಲ್ಲು ಕೂರುತ್ತದೆ. ಹಿಂದಿನ ಎಣ್ಣೆಗೆ ಬೆರೆಸಿರುವ ಗಂಧಕದ ಮದ್ದು ಅತಿ ಜಾರು; ರಿಂಗು ಹಿಡಿಯಹೋದರೆ ಜಾರುತ್ತದೆ, ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದಕ್ಕೇ ಮಾವ ಆ ನೀಲಿ ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದ: ‘ಹಿಂದಿನ ಎಣ್ಣೆ. ಮುಂದೆ ಹಾಕಬಾರದು.’ ಅಪ್ಪ ಆ ಬರಹವನ್ನು ಒಂದು ದಿನವೂ ಓದಿದವನಲ್ಲ. ಅವನ ಬಾಯಲ್ಲಿ ಅದಕ್ಕೆ ‘ಅವನ ಎಣ್ಣೆ’ ಎಂದೇ ಹೆಸರು.

ಆ ವರ್ಷ ಒಂದು ದೊಡ್ಡ ರೇಸ್ ತಂಡದಲ್ಲಿ ಒಂದು ಸೀಟು ಖಾಲಿಯಾಯಿತು. ತಂಡ ನಡೆಸುವ ಹೆಂಗಸು ಸದಾ ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡಿರುವವಳು. ಎಲ್ಲರೂ ಅವಳನ್ನು ಗಡಿಯಾರದಮ್ಮ ಅನ್ನುತ್ತಿದ್ದರು. ಗುಡ್ಡ ಹತ್ತುವ ರೇಸಿಗೆ ಬಂದು ನೋಡುತ್ತೇನೆ, ಇಬ್ಬರಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದಳು. ಒಬ್ಬ ಹಳದಿ ಕಾರಿನವನು, ಇನ್ನೊಬ್ಬಳು ನಾನು. ವೇಗ ಕಲಿಸಬಹುದು, ಗೇರಿನ ಹಲ್ಲು ಕಡಿಸುವವರ ಕೈ ತಿದ್ದಲಾಗುವುದಿಲ್ಲ ಎಂಬ ಅವಳ ಮಾತು ಆ ಲೋಕದಲ್ಲಿ ಎಲ್ಲರಿಗೂ ಗೊತ್ತು. ಗಾಡಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾಳೆ ಎನ್ನುತ್ತಿದ್ದರು. ನನಗೆ ಆ ಸೀಟು ಬೇಕಿತ್ತು. ಹೆಸರು ಬರಲಿ ಎಂಬ ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಶೆಡ್ಡಿನಿಂದ ಹೊರಗೆ ಹೋಗಲು ಬೇರೆ ಬಾಗಿಲು ನನಗೆ ಕಾಣುತ್ತಿರಲಿಲ್ಲ.

ಆ ದಿನಗಳಲ್ಲಿ ಬೆಳಗಿನ ತಣ್ಣನೆಯ ಹೊತ್ತಿಗೆ ಎರಡನೇ ಗೇರು ಬಿಗಿಯಾಗಿ ಬೀಳುತ್ತಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಮಾವನಿಗೆ ಹಬ್ಬವಾಯಿತು. ಗೇರ್‌ಬಾಕ್ಸಿಗೆಂದೇ ಮಾಡಿದ ಬೇರೆ ಸಿಂಥೆಟಿಕ್ ಇದೆ, ಬಿಳಿ ಡಬ್ಬಿಯದು, ರಿಂಗಿಗೆ ಏನೂ ಮಾಡುವುದಿಲ್ಲ, ನಿಮ್ಮಪ್ಪನಿಗೆ ಹೇಳು ಅಂದ. ಹೇಳಿದೆ. ಅಪ್ಪ, ಇಂದು ಗೇರ್‌ಬಾಕ್ಸು, ನಾಳೆ ಅಡಿಗೆಮನೆ, ಅವನಿಗೆ ಹೇಳು ಅಂದ. ಅದನ್ನೂ ಹೇಳಿದೆ. ಕೊನೆಗೆ ಅಮ್ಮ ಸೌಟು ಹಿಡಿದುಕೊಂಡೇ ಶೆಡ್ಡಿಗೆ ಬಂದು, ಮಗಳ ಕೆಲಸಕ್ಕೆ ಆಗೋದಾದರೆ ಹಾಕಿ ನೋಡಿ, ಇಲ್ಲದಿದ್ದರೆ ಇಬ್ಬರೂ ಬೇರೆ ಕಡೆ ಊಟ ನೋಡಿಕೊಳ್ಳಿ ಎಂದಳು. ಹಾಗೆ ಆ ಬಿಳಿ ಡಬ್ಬಿಯ ಎಣ್ಣೆ ಗೇರ್‌ಬಾಕ್ಸಿಗೆ ಬಂತು. ಚೆನ್ನಾಗಿಯೇ ಇತ್ತು. ಬೆರಳಲ್ಲಿ ತಳ್ಳಿದರೆ ಗೇರು ಬೀಳುತ್ತಿತ್ತು. ಚೆನ್ನಾಗಿದೆ ಎಂದು ಅಪ್ಪನ ಎದುರಿಗೆ ಹೇಳಿದೆ. ಅವನು ಲೇತಿನ ಕಡೆ ತಿರುಗಿಕೊಂಡು ಏನನ್ನೋ ಉಜ್ಜುತ್ತಲೇ ಇದ್ದ.

ರೇಸಿಗೆ ಎರಡು ದಿನ ಇರುವಾಗ ಅಪ್ಪನ ಸೊಂಟ ಹಿಡಿದುಕೊಂಡಿತು. ಮಂಚ ಬಿಟ್ಟು ಏಳಲಾಗಲಿಲ್ಲ, ಗುಂಡಿಗೆ ಇಳಿಯುವ ಮಾತು ದೂರ. ರೇಸಿನ ಮುನ್ನ ಗೇರ್‌ಬಾಕ್ಸಿನ ಎಣ್ಣೆ ಬಸಿದು ಹೊಸದು ತುಂಬಿಸುವುದು ನಮ್ಮಲ್ಲಿ ವಾಡಿಕೆ. ಆ ಕೆಲಸ ಮಾವನ ಕೈಗೆ ಹೋಗಬೇಕಾಯಿತು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದವನು ತಿರುಗದೆಯೇ ಹೇಳಿದ:

“ನಿನ್ನ ಮಾವನಿಗೆ ಹೇಳು. ಗೇರ್‌ಬಾಕ್ಸಿಗೆ ಹಿಂದಿನ ಎಣ್ಣೆನೇ ಹಾಕ್ಬೇಕು ಅಂತ.”

ಬಿಳಿ ಡಬ್ಬಿ ಚೆನ್ನಾಗಿದೆಯಲ್ಲ ಅಂದೆ. ಹೇಳಿದಷ್ಟು ಮಾಡು ಅಂದ. ಅವನ ಮನಸ್ಸಿನಲ್ಲಿದ್ದದ್ದು ಮೊದಲು ಇದ್ದ ಎಣ್ಣೆ, ತನ್ನ ಕಪ್ಪು ಡಬ್ಬಿಯದು. ‘ನನ್ನದು’ ಎಂದು ಬೇಡುವುದಕ್ಕೆ ಅವನಿಗೆ ಅಭಿಮಾನ. ‘ಹಳೇದು’ ಅನ್ನುವಂತೆಯೂ ಇಲ್ಲ, ನಮ್ಮ ಶೆಡ್ಡಿನಲ್ಲಿ ಹಳೇ ಎಣ್ಣೆ ಎಂದರೆ ಬಸಿದು ಬಿಸಾಡುವ ಎಣ್ಣೆ. ಎಲ್ಲವನ್ನೂ ಅಳೆದು ತೂಗಿ ‘ಹಿಂದಿನ’ ಅಂದ. ಆ ಒಂದು ಮಾತಿಗೆ ಎರಡು ಅರ್ಥ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಮಾವ ಮೇಜಿನ ಬಳಿ ಚಿಂದಿಬಟ್ಟೆ ಮಡಿಸಿಡುತ್ತಿದ್ದ. ನಾನು ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸಿದೆ. ಅವನ ಕೈ ನಿಂತಿತು. ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಭಾವ ಇದೇ ಮಾತು ಅಂದರಾ, ಹಿಂದಿನ ಎಣ್ಣೆನೇ ಅಂದರಾ, ಎಂದು ಕೇಳಿದ. ಅದೇ ಮಾತು, ಅಕ್ಷರ ಬಿಟ್ಟಿಲ್ಲ ಅಂದೆ. ಅವನ ಮುಖದಲ್ಲಿ ನಗು ಬಂತು. ತನ್ನ ಬಿಳಿ ಡಬ್ಬಿ ಸೋತದ್ದಕ್ಕೆ ಕಹಿಯಾಗಿ ನಗುತ್ತಿದ್ದಾನೆ ಅಂದುಕೊಂಡು, ಹೆಲ್ಮೆಟ್ ತಪಾಸಣೆಗೆ ಹೊತ್ತಾಗುತ್ತದೆ ಎಂದು ನಾನು ಹೊರಟುಬಿಟ್ಟೆ. ಯಾಕೆ ನಗುತ್ತೀಯ ಎಂದು ಕೇಳುವುದು ಟಪಾಲಿನ ಕೆಲಸವಲ್ಲ. ಹಾಗೆಂದು ನನಗೆ ಕಲಿಸಿದವರು ಅವರೇ.

ರೇಸಿನ ಬೆಳಿಗ್ಗೆ ಅಪ್ಪ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹೇಗೋ ಎದ್ದು ಬಂದ. ಕಾರನ್ನು ಲಾರಿಗೆ ಹತ್ತಿಸಲು ಮಾವ ಹಲಗೆ ಹೊಂದಿಸುತ್ತಿದ್ದಾಗ, ಅಪ್ಪ ಗೋಡೆ ಹಿಡಿದು ಗುಂಡಿಯ ಎರಡು ಮೆಟ್ಟಿಲಿಳಿದು, ಗೇರ್‌ಬಾಕ್ಸಿನ ಕೆಳಗಿನ ಬೋಲ್ಟಿಗೆ ಬೆರಳು ಒರೆಸಿ ಮೂಸಿದ. ಎಲ್ಲ ಗಾಡಿಗೂ ಹಾಗೆ ಮೂಸುವುದು ಅವನ ಚಾಳಿ, ನಾನು ತಲೆಕೆಡಿಸಿಕೊಳ್ಳಲಿಲ್ಲ. ಏನೂ ಮಾತಾಡದೆ ಶೆಡ್ಡಿನೊಳಕ್ಕೆ ಹೋದ, ಒಂದು ಚೀಲ ತಂದು ಜೀಪಿನಲ್ಲಿಟ್ಟುಕೊಂಡು ಕೂತ. ಅಮ್ಮ ಬಾಗಿಲಿಗೆ ಬಂದು, ಹುಷಾರು, ಇವರಿಬ್ಬರ ತಲೆನೋವು ಗುಡ್ಡದ ಕೆಳಗೇ ಬಿಟ್ಟು ಹತ್ತು ಅಂದಳು.

ಗುಡ್ಡದ ರಸ್ತೆಯನ್ನು ಮುಚ್ಚಿ ಒಂದೊಂದೇ ಕಾರನ್ನು ಮೇಲಕ್ಕೆ ಬಿಡುತ್ತಾರೆ. ಪ್ರತಿಯೊಬ್ಬರಿಗೂ ಎರಡು ಸಲ ಅವಕಾಶ. ಗಡಿಯಾರದಮ್ಮ ಎರಡನೇ ತಿರುವಿನ ತಡೆಗೋಡೆಯ ಹಿಂದೆ ನಿಂತಿದ್ದಳು. ಹಳದಿ ಕಾರಿನವನು ನನಗಿಂತ ಮೊದಲು ಹತ್ತಿದ. ಸದ್ದು ಚೊಕ್ಕವಾಗಿತ್ತು, ಒಂದೂ ಗೇರು ತಡವರಿಸಲಿಲ್ಲ. ಇರಲಿ ಮಗನೇ ಅಂದುಕೊಂಡು ನಾನು ಗೆರೆಗೆ ಬಂದೆ.

ಬಾವುಟ ಇಳಿಯಿತು. ಒಂದರಿಂದ ಎರಡಕ್ಕೆ ಹೇಗೋ ಬಿತ್ತು, ಅಲ್ಲೇ ಒಂದು ಒರಟು ತಗುಲಿತು. ಮೂರಕ್ಕೆ ತಳ್ಳಿದೆ. ಕರ್ರ್ ಎಂದು ಇಡೀ ಗಾಡಿ ನಡುಗಿತು, ಗೇರು ಹೊರಕ್ಕೆ ಒದ್ದಿತು. ಎಂಜಿನ್ ಬರಿದೇ ಅರಚಿಕೊಳ್ಳುತ್ತಿದೆ, ಗಾಡಿ ಏರಿನಲ್ಲಿ ವೇಗ ಕಳೆದುಕೊಳ್ಳುತ್ತಿದೆ. ಮತ್ತೆ ತಳ್ಳಿದೆ, ಮತ್ತೆ ಕರ್ರ್, ಮೂರನೇ ಸಲಕ್ಕೆ ಬಿತ್ತು. ಸರಿಯಾಗಿ ಎರಡನೇ ತಿರುವಿಗೆ, ಅವಳ ಎದುರಿಗೇ, ಮೂರರಿಂದ ಎರಡಕ್ಕೆ ಇಳಿಸಬೇಕಾದಲ್ಲಿ ಹಲ್ಲು ಹಲ್ಲಿಗೆ ಬಡಿದು ಕಿರುಚಿದ ಸದ್ದಿಗೆ ತಡೆಗೋಡೆಯ ಹಿಂದಿದ್ದವರು ನಕ್ಕರು. ಯಾರೋ ಕಿವಿ ಮುಚ್ಚಿಕೊಂಡು ತೋರಿಸಿದರು. ಮುಖ ಬೆಂಕಿಯಾಯಿತು. ನನ್ನ ಕೈಯೇ ಕೆಟ್ಟುಹೋಯಿತೇ ಎಂದು ಭಯವಾಯಿತು. ಇಷ್ಟು ವರ್ಷ ಗೇರಿಗೆ ನೋವಾಗದ ಹಾಗೆ ಓಡಿಸಿದ ಕೈ ಅದು. ಮೇಲೆ ತಲುಪಿದಾಗ ನಮ್ಮ ಗುಂಪಿನಲ್ಲಿ ನನ್ನದೇ ಕೊನೆ. ಕೆಳಗಿಳಿದು ಬರುವಾಗ ಗಡಿಯಾರದಮ್ಮ ನನ್ನ ಕಡೆ ಒಂದು ಸಲ ನೋಡಿ ಹಳದಿ ಕಾರಿನತ್ತ ನಡೆದುಹೋದಳು.

ನಮಗೆ ಕೊಟ್ಟಿದ್ದ ತಗಡಿನ ಮಾಡಿನ ಕೆಳಗೆ ಗಾಡಿ ನಿಲ್ಲಿಸಿ ಇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನನ್ನು ದಾಟಿ, ಮಾವನ ಮುಖ ನೋಡಿ ಮಾತಾಡಿದ.

“ಏನೋ ಹಾಕ್ದೆ ಅದ್ರೊಳಗೆ?”

ಅವರಿಬ್ಬರು ನೇರವಾಗಿ ಮಾತಾಡಿದರೆ ಹೇಗೆ ಕೇಳಿಸುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಮಾವನೂ ಬೆಚ್ಚಿದ. ಆದರೆ ಉತ್ತರ ಅವನ ಬಳಿ ಸಿದ್ಧವಾಗಿತ್ತು.

“ನೀವು ಹೇಳಿದ್ದನ್ನೇ ಹಾಕ್ದೆ ಭಾವ. ಹಿಂದಿನ ಎಣ್ಣೆ.”

“ಹಿಂದಿನದು ಅಂದ್ರೆ ಮುಂಚೆ ಇದ್ದದ್ದು ಕಣೋ. ನನ್ನದು.”

“ನಿಮ್ಮದಾದ್ರೆ 'ನನ್ನದು' ಅನ್ಬೇಕಿತ್ತು. ಹಿಂದಿನದು ಅಂದ್ರೆ ಹಿಂದಿನದೇ. ಡಬ್ಬಿ ಮೇಲೆ ಬರ್ದಿಲ್ವಾ?”

ಎಲ್ಲಿ ತಪ್ಪಿತು ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಇವಳು ಸರಿಯಾಗಿ ಹೇಳಿಲ್ಲ ಎಂದ ಅಪ್ಪ. ಹೌದು ಭಾವ, ಇವಳು ಬಿಡಿಸಿ ಹೇಳಬೇಕಿತ್ತು, ಯಾವ ಹಿಂದಿನದು ಅಂತ ನಿಮ್ಮನ್ನಾದರೂ ಕೇಳಬೇಕಿತ್ತು ಎಂದ ಮಾವ. ಓಡಿಸುವ ಧ್ಯಾನದಲ್ಲಿ ಉಳಿದದ್ದು ತಲೆಗೆ ಹೋಗಲ್ಲ ಇವಳಿಗೆ ಅಂದ ಅಪ್ಪ. ಚಿಕ್ಕವಳಿದ್ದಾಗಲೂ ಹಾಗೇ ಭಾವ ಅಂದ ಮಾವ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ಮೇಕೆ ಒಂದೇ, ಕೋತಿ ಎರಡು. ಅಷ್ಟು ವರ್ಷ ಮುರಿದುಬಿದ್ದಿದ್ದ ಮಾತನ್ನು ನನ್ನ ಮೇಲೆ ತಪ್ಪು ಹೊರಿಸುವುದಕ್ಕಾಗಿ ಮತ್ತೆ ಕೂಡಿಸಿಕೊಂಡರು. ಮಾವ ಸ್ಟೂಲು ತಂದು ಅಪ್ಪನ ಹಿಂದೆ ಇಟ್ಟ, ಸೊಂಟ ಹುಷಾರು ಅಂದ. ಅಪ್ಪ ಕೂತ.

ಕೂತವನು, ಇನ್ನೊಂದು ಓಟ ಇದೆಯಲ್ಲ, ಹೆದರಬೇಡ, ನನ್ನ ಎಣ್ಣೆ ಜೀಪಿನಲ್ಲೇ ಇದೆ, ಬದಲಾಯಿಸಿದರಾಯಿತು ಎಂದು ಮಾವನನ್ನು ಚೀಲ ತರಲು ಕಳಿಸಿದ. ಮಾವ ಓಡಿದ. ಚೀಲದಲ್ಲಿದ್ದದ್ದು ಕಪ್ಪು ಡಬ್ಬಿ, ಮುಚ್ಚಳ ಒಡೆಯದ್ದು. ಅದನ್ನು ನೋಡಿ ಕೇಳಿದೆ:

“ಅಪ್ಪಾ, ಗೇರ್‌ಬಾಕ್ಸಲ್ಲಿ ನಿನ್ನ ಎಣ್ಣೆನೇ ಇದೆ ಅಂದ್ಕೊಂಡಿದ್ರೆ, ತುಂಬಿದ ಡಬ್ಬಿ ಯಾಕೆ ತಂದೆ?”

ಅವನು ಸ್ಟೂಲಿನ ಮೇಲೆ ಜರುಗಿ ಕೂತ. ಮೊದಲು ಸುಮ್ಮನೆ ತಂದೆ ಅಂದ. ಆಮೇಲೆ, ಬೆಳಿಗ್ಗೆ ಮೂಸಿದಾಗ ಗೊತ್ತಾಯಿತು, ಆ ಗಂಧಕದ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ ಅಂದ. ಮಾವ ಬೇಕೆಂದೇ ಗೇರ್‌ಬಾಕ್ಸ್ ಕೆಡಿಸಲು ನೀಲಿ ಡಬ್ಬಿಯ ಎಣ್ಣೆ ಹಾಕಿದ್ದಾನೆ ಅಂದುಕೊಂಡನಂತೆ. ಗುಂಡಿಯ ಮೇಲೆ ಗಾಡಿ, ಕೈಗೆಟುಕುವಲ್ಲಿ ಸ್ಪ್ಯಾನರ್, ಹೊರಡಲು ಇನ್ನೂ ಬೇಕಾದಷ್ಟು ಹೊತ್ತು; ಆಗಲೇ ಬದಲಾಯಿಸಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಎಲ್ಲರ ಮುಂದೆ ಗೊತ್ತಾಗ್ಲಿ ಅಂತ ಸುಮ್ನಿದ್ದೆ,” ಅಂದ. “ಅವನ ಕೆಲಸ ಏನು ಅಂತ.”

ನಾನು ಮಾವನ ಕಡೆ ತಿರುಗಿದೆ. ಅವನು ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಮುಂದೆ ಹಾಕಬಾರದು ಎಂದು ಬರೆದವನು ನೀನೇ, ಹಾಕುವಾಗ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅವನು ಅಪ್ಪನಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ.

“ಗೊತ್ತಿತ್ತು. ಭಾವನೇ ಬಾಯಿಬಿಟ್ಟು ಹಾಕು ಅಂದ್ಮೇಲೆ ಹಾಕಿ ತೋರಿಸೋಣ ಅಂದ್ಕೊಂಡೆ. ಗೇರ್‌ಬಾಕ್ಸ್ ಅವರದ್ದಲ್ವಾ, ಅವರ ಮಾತಿನ ಫಲ ಅವರೇ ಉಣ್ಲಿ ಅಂತ.”

“ಓಡ್ಸೋಳು ನಾನಲ್ವಾ ಮಾವ?”

ಆ ಪ್ರಶ್ನೆಯನ್ನು ಇಬ್ಬರೂ ಅದೇ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಬ್ಬ ಎರಡು ದಿನ ಸುಮ್ಮನಿದ್ದ, ಇನ್ನೊಬ್ಬ ಬೆಳಿಗ್ಗೆಯಿಂದ ಸುಮ್ಮನಿದ್ದ. ತಾನು ಸರಿ ಎಂದು ಗೆಲ್ಲುವುದಕ್ಕೆ ಇಬ್ಬರೂ ನನ್ನನ್ನು ಗುಡ್ಡಕ್ಕೆ ಹತ್ತಿಸಿದ್ದರು. ಬೇರೆಯವರು ಹೀಗೆ ಮಾಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಇವರು ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು, ಕಾರು ಕಟ್ಟಿಕೊಟ್ಟವರು. ಅದೇ ಹೆಚ್ಚು ಉರಿಯುತ್ತಿತ್ತು. ಅಳು ಬಂತು. ಅವರೆದುರಿಗೆ ಅಳುವುದಕ್ಕಿಂತ ಗಾಡಿಯ ಕೆಳಗೆ ಹೋಗುವುದು ಮೇಲು ಎಂದು ಮಾವನ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಇಬ್ಬರೂ ಗಾಡಿ ಮುಟ್ಟಬೇಡಿ ಅಂದೆ.

ಜಾಕ್ ಕೊಟ್ಟು, ಬೆನ್ನಡಿಗೆ ರಟ್ಟು ಹಾಸಿಕೊಂಡು ಜಾರಿದೆ. ಬೋಲ್ಟು ಬಿಚ್ಚಿದರೆ ಕುದಿಯುವ ಎಣ್ಣೆ ಮುಂಗೈಯಿಂದ ಮೊಣಕೈವರೆಗೆ ಹರಿಯಿತು. ಸುಟ್ಟಿತು, ಕೂಗಲಿಲ್ಲ. ಬಟ್ಟಲಿಗೆ ಬಿದ್ದ ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಮೇಲೆ ಅವರಿಬ್ಬರೂ ಮಾತಾಡುತ್ತಿದ್ದರು. ಪೂರ್ತಿ ಬಸಿಯಲಿ ಭಾವ, ಇಲ್ಲದಿದ್ದರೆ ಬೆರೆತುಹೋಗುತ್ತದೆ. ಹೌದು ಕಣೋ, ಒಂದು ಸಲ ಸ್ವಲ್ಪ ಹಾಕಿ ತೊಳೆದು ಬಿಡಬೇಕು. ನಿಮ್ಮ ಎಣ್ಣೆ ಸಾಲುತ್ತಾ. ಸಾಲುತ್ತೆ, ಲೆಕ್ಕ ಹಾಕಿಯೇ ತಂದಿದ್ದೀನಿ. ಆಮೇಲೆ ಆ ಹಳೇ ಗಿರಾಕಿಯ ಸೀಲಿನ ವಿಷಯ ಬಂತು. ಮಾವ ಏನೋ ಅಂದ, ಅಪ್ಪ ಕಿಸಕ್ಕನೆ ನಕ್ಕ. ಅವರು ಖುಷಿಯಾಗಿದ್ದರು. ಬಿಸಿ ಎಣ್ಣೆಗಿಂತ ಅದು ಹೆಚ್ಚು ಸುಟ್ಟಿತು. ನಾನು ತೊಳೆದು, ತುಂಬಿಸಿ, ಬೋಲ್ಟು ಬಿಗಿದು ಹೊರಬಂದೆ; ಯಾರ ಮಾತಿಗೂ ಉತ್ತರ ಕೊಡಲಿಲ್ಲ.

ಎರಡನೇ ಓಟಕ್ಕೆ ಗೆರೆಗೆ ಬಂದಾಗ ರಿಂಗುಗಳ ಮೇಲೆ ಇನ್ನೂ ಹಳೆಯ ಜಾರು ಉಳಿದಿರುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಮೂರಕ್ಕೆ ಹಾಕುವಾಗ ಕ್ಲಚ್ ಒಂದು ಸಲ ಬಿಟ್ಟು ಮತ್ತೆ ತುಳಿದು, ಹಲ್ಲುಗಳಿಗೆ ಹೊಂದಿಕೊಳ್ಳಲು ಒಂದು ಉಸಿರಿನಷ್ಟು ಹೊತ್ತು ಕೊಟ್ಟೆ. ಬಿತ್ತು. ಪ್ರತಿ ಗೇರಿಗೂ ಹಾಗೆಯೇ ಮಾಡಿದೆ. ಆ ಒಂದೊಂದು ಉಸಿರೂ ಗಡಿಯಾರದಲ್ಲಿ ಸೇರುತ್ತದೆ, ಏನು ಮಾಡುವುದು. ಎರಡನೇ ತಿರುವಿನಲ್ಲಿ ಸದ್ದೇ ಇಲ್ಲದೆ ಇಳಿಸಿದೆ, ಹಿಂದಿನ ಚಕ್ರಗಳು ನೆಲ ಕಚ್ಚಿ ತಳ್ಳಿದವು. ಒಂದು ಸಲವೂ ಹಲ್ಲು ಕಡಿಸಲಿಲ್ಲ. ಆದರೂ ಹಳದಿ ಕಾರಿನವನೇ ಮೊದಲು. ನಾನು ಅವನ ಹಿಂದೆ.

ಗಡಿಯಾರದಮ್ಮ ತಾನಾಗಿಯೇ ನಮ್ಮ ಮಾಡಿಗೆ ಬಂದಳು. ಸೀಟು ಹಳದಿ ಕಾರಿನವನಿಗೆ ಎಂದು ಸುತ್ತುಬಳಸದೆ ಹೇಳಿದಳು. ಎರಡು ಓಟವೂ ಚೊಕ್ಕವಾಗಿದ್ದದ್ದು ಅವನದು, ಅವನಿಗೆ ಕೊಡದಿದ್ದರೆ ನ್ಯಾಯವಲ್ಲ. ನಾನು ತಲೆಯಾಡಿಸಿದೆ. ಮೊದಲನೇ ಓಟಕ್ಕೇನಾಗಿತ್ತು ಎಂದು ಕೇಳಿದಳು. ತಪ್ಪು ಎಣ್ಣೆ ಅಂದೆ. ಹಾಕಿದವರು ಯಾರು ಎಂದಳು. ಯಾರು ಹಾಕಿದರೂ ಓಡಿಸಿದ್ದು ನಾನೇ ಅಂದೆ. ಬದಲಾಯಿಸಿದವರು ಯಾರು ಎಂದಳು. ಸುಟ್ಟ ಕೈ ತೋರಿಸಿದೆ. ಅವಳು ಅದನ್ನು ಹಿಡಿದು ತಿರುಗಿಸಿ ನೋಡಿ, ತಂಡದಲ್ಲಿ ಇನ್ನೊಂದು ಕೆಲಸವಿದೆ ಅಂದಳು. ಗಾಡಿಗಳನ್ನು ಓಡಿಸಿ ಪರೀಕ್ಷೆ ಮಾಡುವ ಕೆಲಸ. ನೋಡುವವರಿಲ್ಲ, ಚಪ್ಪಾಳೆಯಿಲ್ಲ, ರೇಸ್ ಯಾವಾಗ ಸಿಗುತ್ತದೋ ಹೇಳಲಾಗದು. ಇರುವುದು ತುಂಬಾ ದೂರದಲ್ಲಿ, ಇವತ್ತೇ ಅವಳ ಲಾರಿಯ ಜೊತೆ ಹೊರಡಬೇಕು.

ಅಪ್ಪ ಸ್ಟೂಲಿನಿಂದ ಎದ್ದ ಸದ್ದು ಕೇಳಿಸಿತು. ಏಳುವಾಗ ಮಾವನ ಹೆಗಲು ಹಿಡಿದಿರಬೇಕು. ಇಬ್ಬರೂ ಒಂದು ಹೆಜ್ಜೆ ಮುಂದೆ ಬಂದು ನನ್ನ ಪಕ್ಕದಲ್ಲಿ ನಿಂತರು. ಅಪ್ಪನ ಮುಖದಲ್ಲಿ ಮಾತಾಡುವ ಸಿದ್ಧತೆ ಇತ್ತು. ಮಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಗಡಿಯಾರದಮ್ಮ ಅವರನ್ನು ಒಮ್ಮೆ ನೋಡಿ ನನ್ನನ್ನು ಕೇಳಿದಳು:

“ನಿಮ್ಮೋರಲ್ಲಿ ಯಾರನ್ನಾದ್ರೂ ಒಂದು ಮಾತು ಕೇಳಿ ಬರ್ಬೇಕಾ?”

ಅಮ್ಮನ ನೆನಪಾಯಿತು. ಅವಳಿಗೆ ದಾರಿಯಿಂದ ಫೋನ್ ಮಾಡಿದರೆ ಸಾಕು. ನಮ್ಮಿಬ್ಬರ ನಡುವೆ ಯಾವತ್ತೂ ಇನ್ನೊಬ್ಬರ ಬಾಯಿ ಬೇಕಾಗಿರಲಿಲ್ಲ. ನಾನು ಹೆಲ್ಮೆಟ್ ಎತ್ತಿಕೊಂಡೆ. ಅಪ್ಪನ ಕಡೆ ನೋಡಲಿಲ್ಲ, ಮಾವನ ಕಡೆಯೂ ನೋಡಲಿಲ್ಲ.

“ಬೇಡ,” ಅಂದೆ. “ಇಲ್ಲಿ ನನಗೆ ಹೇಳೋರು ಕೇಳೋರು ಯಾರೂ ಇಲ್ಲ.”